ಬಾಲ್ಯದ ‘ಟ್ಯಾಪೆಸ್ಟ್ರಿ’ ಈಗೇಕೆ ಬೇರೆಯಾಗಿ ಕೇಳಿಸುತ್ತದೆ?

ಪ್ರಶ್ನೆ: 1970ರ ದಶಕದ ನಡುವೆ ಅಮೆರಿಕದಿಂದ ರಜೆಗೆ ಬಂದಿದ್ದ ನಮ್ಮ ಸೋದರಮಾವ ಅಲ್ಲಿನ ಗಾಯಕಿ ಕ್ಯಾರೊಲ್ ಕಿಂಗ್ ಅವರ ‘ಟ್ಯಾಪೆಸ್ಟ್ರಿ’ ಎಂಬ ಎಲ್‌ಪಿ ರೆಕಾರ್ಡನ್ನು ಮನೆಯಲ್ಲಿ ಬಿಟ್ಟುಹೋಗಿದ್ದರು. ಇಂಗ್ಲಿಷ್ ಅರ್ಥವಾಗದ ವಯಸ್ಸಿನಲ್ಲಿ ಅದನ್ನು ಲೆಕ್ಕವಿಲ್ಲದಷ್ಟು ಸಲ ಕೇಳಿದ್ದೇನೆ. ಈಚೆಗೆ ಮಗಳು ಫೋನಿನಲ್ಲಿ ಹಾಕಿಕೊಟ್ಟಾಗ ಹಾಡುಗಳು ನೆನಪಿಗಿಂತ ಚುರುಕಾಗಿ, ಕಂಠ ತೆಳುವಾಗಿ ಕೇಳಿಸಿತು. ಇದು ಬೇರೆ ಧ್ವನಿಮುದ್ರಣವೇ? ಈ ವಯಸ್ಸಿನಲ್ಲಿ ಮತ್ತೆ ಕೂತು ಕೇಳುವಂಥದ್ದು ಅದರಲ್ಲಿ ಏನಿದೆ? ಅಟ್ಟದಲ್ಲಿರುವ ಹಳೆಯ ಎಲ್‌ಪಿಯನ್ನೇ ಹಾಕಬಹುದೇ?
— ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಫೋನಿನಲ್ಲಿರುವುದು ಅದೇ ಧ್ವನಿಮುದ್ರಣವಿರಬೇಕು, ನಿಮ್ಮ ನೆನಪೂ ತಪ್ಪಿರಲಾರದು, ನನ್ನ ಅನುಮಾನವೆಲ್ಲ ನಿಮ್ಮ ಮನೆಯ ಹಳೆಯ ರೆಕಾರ್ಡ್ ಪ್ಲೇಯರಿನ ಮೇಲೆ. ಎಲ್‌ಪಿ ನಿಮಿಷಕ್ಕೆ 33⅓ ಸುತ್ತು ತಿರುಗಬೇಕು. ತಟ್ಟೆಯನ್ನು ತಿರುಗಿಸುವ ರಬ್ಬರ್ ಚಕ್ರವೋ ಬೆಲ್ಟೋ ಸವೆದು ಜಾರತೊಡಗಿ, ಆ ವೇಗ 31ರ ಆಸುಪಾಸಿಗೆ ಇಳಿದರೆ ಹಾಡು ನಿಧಾನವಾಗುವುದಷ್ಟೇ ಅಲ್ಲ, ಶ್ರುತಿಯೂ ಹೆಚ್ಚುಕಡಿಮೆ ಅರ್ಧ ಮನೆ, ಅಂದರೆ ಹಾರ್ಮೋನಿಯಂನ ಪಕ್ಕದ ಒಂದು ಕೀಲಿಯಷ್ಟು, ಕೆಳಗಿಳಿದು ಕಂಠ ಭಾರವಾಗುತ್ತದೆ. ಚಿಕ್ಕಂದಿನಲ್ಲಿ ಕಿವಿಗೆ ಬಿದ್ದದ್ದೇ ಸರಿಯಾದ ಶ್ರುತಿಯೆಂದು ಮನಸ್ಸು ನಂಬಿಬಿಡುತ್ತದೆ. ಇದರ ಮೇಲೆ, ಫೋನಿನ ಪುಟ್ಟ ಸ್ಪೀಕರಿನಿಂದ ಮಂದ್ರದ ನಾದ ಹೊರಡುವುದೇ ಕಡಿಮೆ; ಒಳ್ಳೆಯ ಹೆಡ್‌ಫೋನ್ ಹಾಕಿಕೊಂಡರೆ ಆ ತೆಳುತನ ಅರ್ಧಕ್ಕರ್ಧ ಹೋಗುತ್ತದೆ.

1971ರ ಜನವರಿಯಲ್ಲಿ ಹಾಲಿವುಡ್‌ನ ಎ ಅಂಡ್ ಎಂ ಸ್ಟುಡಿಯೋದಲ್ಲಿ ಈ ಹನ್ನೆರಡು ಹಾಡುಗಳು ಮುದ್ರಣವಾದಾಗ ಕಿಂಗ್ ಅವರಿಗೆ 28 ವರ್ಷ. ಕೇಳುವವರ ಎದುರಿಗೇ ಪಿಯಾನೋ ಇಟ್ಟುಕೊಂಡು ಆಕೆ ಹಾಡುತ್ತಿದ್ದಾರೆ ಎನ್ನಿಸಬೇಕೆಂಬುದು ನಿರ್ಮಾಪಕ ಲೂ ಆಡ್ಲರ್ ಅವರ ಬಯಕೆಯಾಗಿತ್ತು. ಹಾಗಾಗಿ ವಾದ್ಯಗಳ ಗದ್ದಲವಿಲ್ಲ, ಕಂಠದ ಒರಟನ್ನು ಉಜ್ಜಿ ನುಣುಪು ಮಾಡುವ ಪ್ರಯತ್ನವೂ ಇಲ್ಲ. ಅಮೆರಿಕದ ಜನಪ್ರಿಯ ಸಂಗೀತದ ಬಿಲ್‌ಬೋರ್ಡ್ ಪಟ್ಟಿಯಲ್ಲಿ 15 ವಾರ ಮೊದಲ ಸ್ಥಾನ, ಮರುವರ್ಷ ನಾಲ್ಕು ಗ್ರ್ಯಾಮಿ ಎಂಬ ಲೆಕ್ಕಗಳು ಇದ್ದೇ ಇವೆ. ಆದರೆ ಮಾತೇ ತಿಳಿಯದ ಶಿವಮೊಗ್ಗದ ಮಗುವೊಂದು ಇದಕ್ಕೆ ಅಂಟಿಕೊಂಡದ್ದು ಆ ಸಮೀಪತನದಿಂದಲೇ ಇರಬೇಕು ಎಂದು ನನ್ನ ಊಹೆ.

ಈಗ ಮಾತು ಅರ್ಥವಾಗುವುದರಿಂದ, ಎರಡನೆಯ ಬದಿಯ ಮೂರನೆಯ ಹಾಡಾದ ‘ವಿಲ್ ಯು ಲವ್ ಮಿ ಟುಮಾರೊ’ದಿಂದ ಶುರುಮಾಡಿ. ಕಿಂಗ್ ಇದರ ರಾಗವನ್ನು ಕಟ್ಟಿದ್ದು 1960ರಲ್ಲಿ, ತಮ್ಮ ಹದಿನೆಂಟನೆಯ ವಯಸ್ಸಿನಲ್ಲಿ; ಸಾಹಿತ್ಯ ಆಗಿನ ಪತಿ ಜೆರಿ ಗಾಫಿನ್ ಅವರದು. ಶಿರೆಲ್ಸ್ ಎಂಬ ತರುಣಿಯರ ತಂಡ ಅದನ್ನು ಲವಲವಿಕೆಯ ನಡೆಯಲ್ಲಿ, ಪಿಟೀಲುಗಳ ಮೇಳದೊಂದಿಗೆ ಹಾಡಿ 1961ರ ಆರಂಭದಲ್ಲಿ ಪಟ್ಟಿಯ ತುದಿಗೇರಿಸಿತು. ಇಂದಿನ ಈ ಪ್ರೀತಿ ನಾಳೆಗೂ ಉಳಿದೀತೇ ಎಂಬ ಆ ಪ್ರಶ್ನೆಯಲ್ಲಿ ಅಳುಕಿದ್ದರೂ ಆಸೆಯೇ ಮುಂದಿತ್ತು. ಹತ್ತು ವರ್ಷದ ನಂತರ, ಆ ದಾಂಪತ್ಯವೂ ಮುಗಿದ ಮೇಲೆ, ಕಿಂಗ್ ಅದೇ ಹಾಡನ್ನು ವಿಳಂಬ ಕಾಲಕ್ಕೆ ಇಳಿಸಿ, ಪ್ರತಿ ಸಾಲಿನ ಕೊನೆಯಲ್ಲೂ ಉಸಿರಿಗೆ ಎಡೆಕೊಟ್ಟು ಹಾಡುತ್ತಾರೆ. ಜೇಮ್ಸ್ ಟೇಲರ್ ಮತ್ತು ಜೋನಿ ಮಿಚೆಲ್ ಹಿನ್ನೆಲೆಯಲ್ಲಿ ಮೆಲ್ಲಗೆ ದನಿಗೂಡಿಸುತ್ತಾರೆ. ಸಾಹಿತ್ಯ ಬದಲಾಗಿಲ್ಲ, ಆ ಪ್ರಶ್ನೆ ಕೇಳುತ್ತಿರುವವಳಿಗೆ ಮಾತ್ರ ಉತ್ತರ ಮೊದಲೇ ಗೊತ್ತಿರುವಂತಿದೆ. ಎರಡನ್ನೂ ಒಂದರ ಹಿಂದೊಂದು ಕೇಳಿದರೆ ನಾನು ಹೇಳುತ್ತಿರುವುದು ಮನವರಿಕೆಯಾಗುತ್ತದೆ. ಎಲ್ಲ ಹಾಡುಗಳೂ ಈ ಎತ್ತರದವಲ್ಲ. ‘ಸ್ಮ್ಯಾಕ್‌ವಾಟರ್ ಜ್ಯಾಕ್’ ನನಗೆ ಎಂದೂ ರುಚಿಸಿಲ್ಲ, ಮಕ್ಕಳಿಗೆ ಅದೇ ಮೆಚ್ಚಾಗುವುದೂ ಉಂಟು.

ಅಟ್ಟದಲ್ಲಿರುವ ಎಲ್‌ಪಿಯನ್ನು ಧಾರಾಳವಾಗಿ ಹಾಕಬಹುದು, ಆದರೆ ಹಳೆಯ ಮುಳ್ಳಿನಿಂದ ಮಾತ್ರ ಬೇಡ. ಸವೆದ ಮುಳ್ಳು ಎಲ್‌ಪಿಯ ಮೇಲೆ ಹಾಡು ಕೊರೆದಿರುವ ಗೀರನ್ನು ಕೆರೆದು ಹಾಳುಮಾಡುತ್ತದೆ. ತುಸು ಒದ್ದೆಯಾದ ಮೃದು ಬಟ್ಟೆಯಲ್ಲಿ, ನಡುವಿನ ಕಾಗದಕ್ಕೆ ನೀರು ತಾಗದಂತೆ, ಗೀರುಗಳ ಜಾಡಿನಲ್ಲೇ ಸುತ್ತಲೂ ಒರೆಸಿ, ಒಣಗಿಸಿ. ಬೆಲ್ಟನ್ನು ಬದಲಾಯಿಸಿದರೆ ಹಾಡು ಫೋನಿನಲ್ಲಿ ಕೇಳಿದಷ್ಟೇ ಚುರುಕಾಗುತ್ತದೆ. ಬಾಲ್ಯದ ಆ ಭಾರವಾದ ಕಂಠವೇ ಬೇಕೆಂದಿದ್ದರೆ ಬೆಲ್ಟಿನ ಗೋಜಿಗೆ ಹೋಗಬೇಡಿ.