ಊರಿಗೆ ಹೊರಡುವಾಗ ಬ್ಯಾಟರಿ ಫುಲ್ ಮಾಡಬೇಡಿ

ಓದುಗರ ಪ್ರಶ್ನೆ, ಮೆಕ್ಯಾನಿಕ್ ಉತ್ತರ

ಪ್ರಶ್ನೆ: ನಾನು ಹೈಸ್ಕೂಲ್ ಟೀಚರ್. ಹೋದ ಬೇಸಿಗೆ ರಜೆಯಲ್ಲಿ ಪುಣೆಗೆ ಮಗಳ ಮನೆಗೆ ಹೋಗುವಾಗ ಎಲೆಕ್ಟ್ರಿಕ್ ಸ್ಕೂಟರನ್ನು ಫುಲ್ ಚಾರ್ಜ್ ಮಾಡಿ, ಅಂಗಳದ ಪತ್ರಾಸಿನ ಶೆಡ್ಡಿನಲ್ಲಿ ನಿಲ್ಲಿಸಿದ್ದೆ. ವಾಪಸ್ ಬಂದ ಮೇಲೆ ಮೊದಲಿನಷ್ಟು ಕಿಲೋಮೀಟರ್ ಬರುತ್ತಿಲ್ಲ. ಓಡಿಸದ ಗಾಡಿ ಹೇಗೆ ಹಾಳಾಯಿತು? ಈ ಸಲ ಏನು ಮಾಡಲಿ?
– ಒಬ್ಬ ಶಿಕ್ಷಕಿ, ಕಲಬುರಗಿ

ಉತ್ತರ: ಟೀಚರ್, ಕಾಳಜಿಯಿಂದ ಫುಲ್ ಮಾಡಿಟ್ಟಿರಿ ನೋಡಿ, ಅದೇ ತೊಂದರೆ ಮಾಡಿದ್ದು. ಸೇಡಂ ರಸ್ತೆಯ ನನ್ನ ಅಂಗಡಿಗೆ ಜೂನ್ ಬಂತೆಂದರೆ ರಜೆ ಮುಗಿಸಿ ಬಂದವರ ಇಂಥ ಸ್ಕೂಟರ್‌ಗಳೇ ಜಾಸ್ತಿ. ನಮ್ಮ ಕಡೆ ಬ್ಯಾಟರಿ ಅಂದರೆ ಇನ್ವರ್ಟರ್ ಬ್ಯಾಟರಿ, ಇಲ್ಲವೇ ಟ್ರ್ಯಾಕ್ಟರ್ ಬ್ಯಾಟರಿ. ಅವು ಸೀಸ ಮತ್ತು ಆಸಿಡ್‌ನವು. ಚಾರ್ಜ್ ಕಡಿಮೆ ಇಟ್ಟರೆ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂತು ಕೆಡುತ್ತವೆ. ಅದಕ್ಕೇ ಹಿರಿಯರು ‘ತುಂಬಿಸಿ ಇಡು’ ಅಂತ ಕಲಿಸಿದರು. ನಿಮ್ಮ ಸ್ಕೂಟರಿನಲ್ಲಿರುವುದು ಲಿಥಿಯಂ ಬ್ಯಾಟರಿ, ಅದು ಇದಕ್ಕೆ ಪೂರ್ತಿ ಉಲ್ಟಾ.

ಲಿಥಿಯಂ ಸೆಲ್ ಪೂರ್ತಿ ತುಂಬಿದಾಗ ಅದರ ವೋಲ್ಟೇಜ್ ಮೇಲಿನ ಮಿತಿಗೆ ಬಂದು ನಿಂತಿರುತ್ತದೆ. ಆಗ ಒಳಗಿನ ದ್ರಾವಣ ನಿಧಾನವಾಗಿ ಕೆಡುತ್ತಾ ಹೋಗುತ್ತದೆ. ಒಂದಷ್ಟು ಲಿಥಿಯಂ ಒಳಗಿನ ಪದರದಲ್ಲಿ ಸಿಕ್ಕಿಹಾಕಿಕೊಂಡು ಮತ್ತೆ ಕೆಲಸಕ್ಕೆ ಬರುವುದಿಲ್ಲ. ಗಾಡಿ ಓಡಲಿ ಬಿಡಲಿ, ಇದು ನಡೆದೇ ಇರುತ್ತದೆ. ಬಿಸಿ ಏರಿದಷ್ಟೂ ವೇಗ ಜಾಸ್ತಿ. ಏಪ್ರಿಲ್-ಮೇನಲ್ಲಿ ಕಲಬುರಗಿಯಲ್ಲಿ ನೆರಳಲ್ಲೇ 40 ಡಿಗ್ರಿ ದಾಟುತ್ತದೆ. ಪತ್ರಾಸಿನ ಕೆಳಗೆ ಇನ್ನೆಷ್ಟು ಅಂತ ನೀವೇ ಯೋಚಿಸಿ. ಹೊಟ್ಟೆ ಬಿರಿಯ ಉಂಡವನನ್ನು ಮಟಮಟ ಮಧ್ಯಾಹ್ನ ಬಿಸಿಲಿಗೆ ನಿಲ್ಲಿಸಿದ ಹಾಗೆ!

ಕೋಬಾಲ್ಟ್ ಇರುವ ಸೆಲ್‌ಗಳ ಬಗ್ಗೆ ಒಂದು ಅಂದಾಜು ಲೆಕ್ಕ ಚಾಲ್ತಿಯಲ್ಲಿದೆ. ಶೇ 40ರಷ್ಟು ಚಾರ್ಜ್‌ನಲ್ಲಿ, 25 ಡಿಗ್ರಿಯಲ್ಲಿ ಒಂದು ವರ್ಷ ಇಟ್ಟರೆ ಸುಮಾರು ಶೇ 96ರಷ್ಟು ಶಕ್ತಿ ಉಳಿಯುತ್ತದೆ. ಅದನ್ನೇ ಫುಲ್ ಮಾಡಿ 40 ಡಿಗ್ರಿಯಲ್ಲಿಟ್ಟರೆ ಉಳಿಯುವುದು ಸುಮಾರು ಶೇ 65. ನಿಮ್ಮದು ಎರಡೇ ತಿಂಗಳು, ಅಷ್ಟು ಹೋಗಿರಲಾರದು. ಆದರೆ ಸ್ವಲ್ಪ ಹೋಗಿದೆ, ಅದು ವಾಪಸ್ ಬರುವುದಿಲ್ಲ. ಒಂದು ಆಸೆ ಮಾತ್ರ ಇದೆ. ಸುಮ್ನೆ ನಿಂತ ಬ್ಯಾಟರಿ ಪ್ಯಾಕಿನಲ್ಲಿ ಚಾರ್ಜ್ ಒಂದು ಸೆಲ್‌ನಲ್ಲಿ ಹೆಚ್ಚು, ಇನ್ನೊಂದರಲ್ಲಿ ಕಡಿಮೆ ಆಗಿದ್ದರೆ, ಕೆಲವು ಸಲ ಫುಲ್ ಚಾರ್ಜ್ ಮಾಡಿ, ಚಾರ್ಜರ್ ತಾನಾಗಿ ನಿಲ್ಲುವವರೆಗೂ ಬಿಟ್ಟರೆ ಬಿಎಂಎಸ್ (ಸೆಲ್‌ಗಳ ಮೇಲೆ ಕಣ್ಣಿಡಲು ಪ್ಯಾಕಿನೊಳಗೇ ಇರುವ ಸರ್ಕ್ಯೂಟ್) ಅವುಗಳನ್ನು ಸಮ ಮಾಡುತ್ತದೆ. ಆಗ ನಾಲ್ಕಾರು ಕಿಲೋಮೀಟರ್ ಸಿಕ್ಕರೂ ಸಿಗಬಹುದು.

ಈ ಸಲ ಹೊರಡುವಾಗ ಚಾರ್ಜ್ ಅರ್ಧಕ್ಕೆ ನಿಲ್ಲಿಸಿ. 40ರಿಂದ 60ರ ನಡುವೆ ಎಲ್ಲಿದ್ದರೂ ನಡೆಯುತ್ತದೆ. ಬ್ಯಾಟರಿ ತೆಗೆಯಲು ಬರುವಂಥದಾದರೆ ತೆಗೆದು ಮನೆಯೊಳಗೆ ಇಡಿ. ಶಹಾಬಾದ್ ಫರಸಿ ಹಾಕಿದ ಕೆಳಗಿನ ಕೋಣೆ ಇದ್ದರೆ ಅದಕ್ಕಿಂತ ಒಳ್ಳೆ ಜಾಗ ಇಲ್ಲ. ಮಾಳಿಗೆ ಮೇಲಿನ ಕೋಣೆ ಬೇಡ. ಹಾಸಿಗೆ, ಬಟ್ಟೆ, ಗ್ಯಾಸ್ ಸಿಲಿಂಡರ್ ಹತ್ತಿರವೂ ಬೇಡ. ತೆಗೆಯಲು ಬರದಿದ್ದರೆ ಗಾಡಿಯನ್ನೇ ನೆರಳಿರುವ, ಗಾಳಿಯಾಡುವ ಕಡೆ ನಿಲ್ಲಿಸಿ, ಸೀಟಿನ ಕೆಳಗಿನ ಎಂಸಿಬಿ ಸ್ವಿಚ್ ಇಳಿಸಿ ಹೋಗಿ. ಅಲಾರಂ, ಜಿಪಿಎಸ್ ಎಲ್ಲ ಕದ್ದು ಕದ್ದು ಕರೆಂಟ್ ಕುಡಿಯುತ್ತಿರುತ್ತವೆ. ಪಕ್ಕದ ಮನೆಯವರಿಗೆ ತಿಂಗಳಿಗೊಮ್ಮೆ ನೋಡಲು ಹೇಳಿ. ಶೇ 20ಕ್ಕೆ ಇಳಿದಿದ್ದರೆ ಮತ್ತೆ ಅರ್ಧಕ್ಕೆ ಏರಿಸಿದರಾಯಿತು. ಪೂರ್ತಿ ಬರಿದಾಗಲು ಮಾತ್ರ ಬಿಡಬೇಡಿ. ವೋಲ್ಟೇಜ್ ತೀರಾ ಕೆಳಗೆ ಹೋದರೆ ಸೆಲ್ಲಿನೊಳಗಿನ ತಾಮ್ರದ ಹಾಳೆ ಕರಗತೊಡಗುತ್ತದೆ. ಅಂಥ ಪ್ಯಾಕನ್ನು ‘ಜೀವ ತುಂಬಿಸಿ ಕೊಡಿ’ ಅಂತ ತಂದರೆ ನಾನು ಮುಟ್ಟುವುದಿಲ್ಲ. ದುಡ್ಡಿನ ಮಾತಲ್ಲ, ಒಳಗೇ ಶಾರ್ಟ್ ಆಗುವ ಭಯ.

ಪ್ರಶ್ನೆ: ಬೇಸಿಗೆಯಲ್ಲಿ ನಮ್ಮ ಕಚೇರಿ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ. ಮನೆಗೆ ಬಂದ ಕೂಡಲೇ ಸ್ಕೂಟರ್ ಚಾರ್ಜಿಗೆ ಹಾಕುತ್ತೇನೆ. ಪರವಾಗಿಲ್ವಾ?
– ಒಬ್ಬ ಗುಮಾಸ್ತರು, ಯಾದಗಿರಿ

ಉತ್ತರ: ಸರ್, ನೀವು ಆರಿಸಿಕೊಂಡಿದ್ದು ದಿನದ ಅತಿ ಕೆಟ್ಟ ಹೊತ್ತು. ಬಿಸಿಲಲ್ಲಿ ನಿಂತು, ಬಿಸಿ ಡಾಂಬರಿನ ಮೇಲೆ ಓಡಿ ಬಂದ ಬ್ಯಾಟರಿ ಅದು. ಚಾರ್ಜ್ ಆಗುವಾಗ ಇನ್ನೂ ಬಿಸಿಯಾಗುತ್ತದೆ. ಊಟ ಮಾಡಿ, ಒಂದು ನಿದ್ದೆ ತೆಗೆದು, ಹೊತ್ತು ಮುಳುಗಿದ ಮೇಲೆ ಹಾಕಿ. ಇನ್ನೂ ಒಳ್ಳೆಯದೆಂದರೆ ನೀವು ಎದ್ದ ತಕ್ಷಣ, ನಸುಕಿನಲ್ಲಿ. ಕಣ್ಣೆದುರು ಇರುತ್ತದೆ, ಗಾಳಿಯೂ ತಂಪು. ಕಚೇರಿಗೆ ಹೋಗಿ ಬರುವಷ್ಟಕ್ಕೆ ದಿನಾ ನೂರಕ್ಕೆ ನೂರು ಬೇಕಿಲ್ಲ, 80 ಸಾಕು. ಪೂರ್ತಿ ಖಾಲಿ ಮಾಡಿಯೇ ಚಾರ್ಜ್ ಮಾಡಬೇಕು ಅನ್ನುವುದು ಹಳೇ ನಿಕಲ್ ಬ್ಯಾಟರಿಗಳ ಕಾಲದ ಮಾತು, ಲಿಥಿಯಂಗೆ ಅದು ಸಲ್ಲದು. ಎಕ್ಸ್‌ಟೆನ್ಶನ್ ಬಾಕ್ಸ್ ಬೇಡ. ಅರ್ಥಿಂಗ್ ಸರಿ ಇರುವ ದೊಡ್ಡ ಸಾಕೆಟ್ ಬಳಸಿ.

ಪ್ರಶ್ನೆ: ಹಳೇ ಸ್ಕೂಟರಿನ ಸೀಸದ ಬ್ಯಾಟರಿ ತೆಗೆಸಿ ಲಿಥಿಯಂ ಹಾಕಿಸಿದೆ. ಹಾಕಿಕೊಟ್ಟವರು ‘ಹಳೇ ಚಾರ್ಜರೇ ನಡೀತದೆ’ ಅಂದರು. ನಿಜವೇ?
– ಒಬ್ಬ ಡಿಗ್ರಿ ವಿದ್ಯಾರ್ಥಿ, ಬೀದರ್

ಉತ್ತರ: ಇಲ್ಲ ತಮ್ಮಾ, ನಡೆಯುವುದಿಲ್ಲ. ಇವತ್ತೇ ಬದಲಿಸು. ಸೀಸದ ಚಾರ್ಜರ್ ಬ್ಯಾಟರಿ ತುಂಬಿದ ಮೇಲೂ ಸಣ್ಣಗೆ ಕರೆಂಟ್ ಕೊಡುತ್ತಲೇ ಇರುತ್ತದೆ. ಲಿಥಿಯಂಗೆ ತುಂಬಿದ ಮೇಲೆ ಕರೆಂಟ್ ಪೂರ್ತಿ ನಿಲ್ಲಬೇಕು. ಅದಿರಲಿ, ಸ್ಕೂಟರಿಗೆ ಹಾಕುವ ಲಿಥಿಯಂನಲ್ಲೇ ಮುಖ್ಯವಾಗಿ ಎರಡು ಜಾತಿ ಇವೆ, ಪ್ಯಾಕಿನ ಲೇಬಲ್ ಓದು. ಎನ್‌ಎಂಸಿ (ಕೋಬಾಲ್ಟ್ ಇರುವ ಜಾತಿ) ಅಂತಿದ್ದರೆ ಒಂದು ಸೆಲ್ ತುಂಬುವುದು 4.2 ವೋಲ್ಟ್‌ಗೆ. ಎಲ್‌ಎಫ್‌ಪಿ (ಕಬ್ಬಿಣ-ಫಾಸ್ಫೇಟ್ ಜಾತಿ) ಆದರೆ 3.65ಕ್ಕೆ. ಎರಡರ ಪ್ಲಗ್ ಒಂದೇ ಥರ ಇರಬಹುದು, ಆದರೆ ಇದರ ಚಾರ್ಜರ್ ಅದಕ್ಕೆ ಹಾಕಿದರೆ ಮಿತಿ ಮೀರಿ ತುಂಬದಂತೆ ತಡೆಯಲು ಉಳಿಯುವುದು ಬಿಎಂಎಸ್ ಒಂದೇ. ಅಗ್ಗದ ಪ್ಯಾಕಿನ ಬಿಎಂಎಸ್ ಅನ್ನು ನಾನಂತೂ ನಂಬುವುದಿಲ್ಲ. ಲೇಬಲ್ಲೇ ಇಲ್ಲ ಅಂದರೆ ಬಿಲ್ ಹಿಡಿದು ಹಾಕಿಕೊಟ್ಟವರ ಹತ್ತಿರ ಹೋಗಿ ಕೇಳು, ಬರೆಸಿಕೊಂಡು ಬಾ. ಎಲ್‌ಎಫ್‌ಪಿ ಆಗಿದ್ದರೆ ಆಗಾಗ ಒಮ್ಮೆ ಪೂರ್ತಿ ತುಂಬಿಸು. ಅದರ ವೋಲ್ಟೇಜ್ ನಡುವೆ ಹೆಚ್ಚು ಏರಿಳಿಯುವುದಿಲ್ಲ. ಹಾಗಾಗಿ ಮೀಟರ್ ಲೆಕ್ಕ ತಪ್ಪಿ, ಶೇ 30 ತೋರಿಸುತ್ತಿದ್ದ ಗಾಡಿ ದಾರಿ ನಡುವೆ ಕೈಕೊಡುತ್ತದೆ.

ಪ್ರಶ್ನೆ: ಬ್ಯಾಟರಿ ಡಬ್ಬಿ ಒಂದು ಕಡೆ ಉಬ್ಬಿದೆ. ಗಾಡಿ ಓಡುತ್ತಿದೆ. ಗುಜರಿಗೆ ಕೊಡುವ ತನಕ ಬಳಸಬಹುದಾ?
– ಕಿರಾಣಿ ಅಂಗಡಿಯವರು, ಸುರಪುರ

ಉತ್ತರ: ಬಳಸಬೇಡಿ ಅಣ್ಣಾವ್ರೇ, ಚಾರ್ಜಿಗೂ ಹಾಕಬೇಡಿ. ತಣ್ಣಗಿದ್ದರೆ ಮಾತ್ರ ತೆಗೆದು, ಅಂಗಡಿಯಿಂದ ದೂರ, ನೆರಳಿನಲ್ಲಿ ಬರೀ ಕಲ್ಲಿನ ಮೇಲೆ ಇಡಿ. ಚುಚ್ಚುವುದು, ಬಿಚ್ಚುವುದು ಬೇಡ. ಹೊಗೆ ಬಂದರೆ ದೂರ ಸರಿದು 112ಕ್ಕೆ ಫೋನ್ ಮಾಡಿ. ಗುಜರಿಗೂ ಕೊಡಬೇಡಿ, ಅಲ್ಲಿ ಸುತ್ತಿಗೆಯಿಂದ ಒಡೆಯುತ್ತಾರೆ. 2022ರ ಬ್ಯಾಟರಿ ತ್ಯಾಜ್ಯ ನಿಯಮದ ಪ್ರಕಾರ ಹಳೇ ಬ್ಯಾಟರಿ ವಾಪಸ್ ಪಡೆಯುವ ಹೊಣೆ ತಯಾರಿಸಿದ ಕಂಪನಿಯದು. ಡೀಲರ್‌ಗೆ ಫೋನ್ ಮಾಡಿ, ಅವರೇ ಬಂದು ಒಯ್ಯಲಿ ಅಂತ ಪಟ್ಟು ಹಿಡಿಯಿರಿ.