ಸೆಪ್ಟೆಂಬರ್ 17ಕ್ಕೆ ನಮ್ಮಲ್ಲಿ ಯಾಕೆ ಧ್ವಜ ಹಾರಿಸುತ್ತಾರೆ?

ನನ್ನ ಸ್ಟೇಟಸ್‌ನಲ್ಲಿ ಧ್ವಜ ನೋಡಿ ನೀವು ಕೇಳಿದಿರಿ, "ಏನ್ ಸಾರ್, ಒಂದು ತಿಂಗಳು ಲೇಟಾ?" ಅಂತ. ಆಫೀಸಿನಲ್ಲಿ ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಒಂದು ಬೈಟು ಕಾಫಿ ಮುಗಿಯುವಷ್ಟರಲ್ಲಿ ಹೇಳುವ ಕಥೆ ಇದಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಾನು ಬೀದರ್ ಕಡೆಯವನು. ನಮಗೆ ಹೈದರಾಬಾದ್ ಮೂರು ತಾಸಿನ ದಾರಿ, ಬೆಂಗಳೂರು ಅಂದ್ರೆ ಇಡೀ ರಾತ್ರಿ ಬಸ್ಸು. 1947ರ ಆಗಸ್ಟ್ 15ಕ್ಕೆ ನಮ್ಮೂರಲ್ಲಿ ಹಬ್ಬ ಇರಲಿಲ್ಲ. ನಾವಿದ್ದದ್ದು ನಿಜಾಮನ ಸಂಸ್ಥಾನದಲ್ಲಿ, ಅವನು ಭಾರತಕ್ಕೆ ಸೇರಲ್ಲ ಅಂತ ಕೂತಿದ್ದ. ಸೈನ್ಯ ಒಳಗೆ ಬಂದದ್ದು 1948ರ ಸೆಪ್ಟೆಂಬರ್ 13ಕ್ಕೆ, ಅವನು ಮಣಿದದ್ದು 17ಕ್ಕೆ. ಅಂದ ಹಾಗೆ, ನೀವೂ ಜಾಸ್ತಿ ನಗಬೇಡಿ. ಮೈಸೂರು ಸಂಸ್ಥಾನದಲ್ಲೂ ಜನರ ಸರ್ಕಾರ ಬರೋಕೆ 'ಮೈಸೂರು ಚಲೋ' ಚಳವಳಿ ನಡೆಯಬೇಕಾಯಿತು, ಕೆ.ಸಿ. ರೆಡ್ಡಿ ಅವರ ಮಂತ್ರಿಮಂಡಲ ಬಂದದ್ದು 1947ರ ಅಕ್ಟೋಬರಿನಲ್ಲಿ. ಅದಕ್ಕೆ ಇಲ್ಲಿ ಯಾರೂ ಸ್ಟೇಟಸ್ ಹಾಕಲ್ಲ, ಅಲ್ವಾ?

ಈಗ ಹೆಸರಿನ ಮಜಾ ಕೇಳಿ. ನಮ್ಮ ಸೋದರತ್ತೆ ಉದಗೀರಿನಲ್ಲಿದ್ದಾರೆ. 1956ರವರೆಗೆ ಅದು ನಮ್ಮ ಬೀದರ್ ಜಿಲ್ಲೆಯೇ, ಈಗ ಮಹಾರಾಷ್ಟ್ರ. ಅಲ್ಲಿ ಈ ದಿನ 'ಮರಾಠವಾಡಾ ಮುಕ್ತಿ ಸಂಗ್ರಾಮ ದಿನ'. ನಮ್ಮಲ್ಲಿ 'ವಿಮೋಚನಾ ದಿನ' ಇತ್ತು, 2019ರಿಂದ 'ಕಲ್ಯಾಣ ಕರ್ನಾಟಕ ಉತ್ಸವ'. ಅತ್ತಿಗೆಯ ತವರು ಜಹೀರಾಬಾದ್, ತೆಲಂಗಾಣ. ಅಲ್ಲಿಯದ್ದು ಇನ್ನೂ ಗದ್ದಲ. 2022ರಲ್ಲಿ ರಾಜ್ಯ ಸರ್ಕಾರ 'ಏಕತಾ ದಿನ' ಅಂತ ಆಚರಿಸಿದರೆ, ಅದೇ ದಿನ ಅದೇ ಹೈದರಾಬಾದಿನಲ್ಲಿ ಕೇಂದ್ರ ಸರ್ಕಾರ 'ವಿಮೋಚನಾ ದಿನ' ಅಂತ ಬೇರೆ ಕಾರ್ಯಕ್ರಮ ಮಾಡಿತು. ಸರ್ಕಾರ ಬದಲಾಯಿತು, 2024ಕ್ಕೆ ಅದು 'ಪ್ರಜಾಪಾಲನಾ ದಿನ' ಆಯಿತು. ಒಂದೇ ಮನೆಯ ವಾಟ್ಸಾಪ್ ಗುಂಪಿನಲ್ಲಿ ಒಂದೇ ದಿನಕ್ಕೆ ಮೂರು ನಮೂನೆ ಶುಭಾಶಯ ಬರುತ್ತವೆ.

ಶಾಲೆಯಲ್ಲಿ ನಾವು ಓದಿದ್ದು ನಾಲ್ಕು ಸಾಲು. ಪಟೇಲರು ಗಟ್ಟಿ ಮನಸ್ಸು ಮಾಡಿದರು, ಪೊಲೀಸ್ ಕಾರ್ಯಾಚರಣೆ ನಡೆಯಿತು, ಸಂಸ್ಥಾನ ವಿಲೀನವಾಯಿತು. ಮುಗೀತು. ಹೋದದ್ದು ಸೈನ್ಯ, ಹೆಸರು ಮಾತ್ರ ಪೊಲೀಸ್. ಅದೇ ನಿಜಾಮ 1950ರಿಂದ 1956ರವರೆಗೆ ಹೈದರಾಬಾದ್ ರಾಜ್ಯದ ರಾಜಪ್ರಮುಖ (ರಾಜ್ಯಪಾಲರಂಥ ಹುದ್ದೆ) ಆಗಿದ್ದ ಅಂತ ನನಗೆ ಗೊತ್ತಾದದ್ದು ಡಿಗ್ರಿ ಮುಗಿದ ಮೇಲೆ. ಯಾರಿಂದ ವಿಮೋಚನೆ ಆಯ್ತೋ ಅವನದ್ದೇ ಕುರ್ಚಿ!

ನಮ್ಮ ಮುತ್ತ್ಯಾ ಯಾವತ್ತೂ 'ವಿಮೋಚನೆ' ಅನ್ನಲಿಲ್ಲ. "ರಜಾಕಾರರ ಗದ್ದಲದಾಗ" ಅನ್ನುತ್ತಿದ್ದರು. ರಜಾಕಾರರು ಅಂದರೆ ನಿಜಾಮನ ಪರ ನಿಂತಿದ್ದ ಖಾಸಗಿ ಪಡೆ. ಬೀದರ್ ಜಿಲ್ಲೆಯ ಗೋರಟಾದಲ್ಲಿ 1948ರಲ್ಲಿ ರಜಾಕಾರರು ಮಾಡಿದ ಕಗ್ಗೊಲೆಯ ಕಥೆಯನ್ನು ಅವರು ಎಷ್ಟೋ ಸಲ ಹೇಳಿದ್ದಾರೆ, ಹೇಳುವಾಗ ಪ್ರತಿ ಸಲ ದನಿ ಇಳಿಯುತ್ತಿತ್ತು. ಅದಾದ ಮೇಲಿನದ್ದನ್ನು ಮಾತ್ರ ಒಂದೇ ಸಲ ಹೇಳಿದರು. ಸೈನ್ಯ ಬಂದ ಮೇಲೆ ನಮ್ಮ ಓಣಿಯ ಒಂದು ಸಾಬರ ಮನೆ ಖಾಲಿಯಾಯಿತಂತೆ. ಎಲ್ಲಿ ಹೋದರು ಅಂತ ಕೇಳಿದೆ. "ಓದ್ಕೋ ಹೋಗು" ಅಂದರು.

ಓದಿದೆ. ನೆಹರೂ ಕಳಿಸಿದ ಸುಂದರಲಾಲ್ ಸಮಿತಿ 1948ರ ಕೊನೆಗೆ ನಮ್ಮ ಕಡೆ ತಿರುಗಾಡಿ ವರದಿ ಕೊಟ್ಟಿತ್ತು. ಸೈನ್ಯ ಬಂದಾಗ ಮತ್ತು ಬಂದ ಮೇಲೆ ಸತ್ತವರು 27,000ದಿಂದ 40,000 ಅಂತ ಅದರ ಅಂದಾಜು, ಹೆಚ್ಚಿನವರು ಮುಸ್ಲಿಮರು. ಜಾಸ್ತಿ ಪೆಟ್ಟು ತಿಂದ ನಾಲ್ಕು ಜಿಲ್ಲೆಗಳಲ್ಲಿ ಬೀದರ್, ಗುಲ್ಬರ್ಗಾ ಎರಡೂ ಇವೆ. ಆ ವರದಿಯನ್ನು ಸರ್ಕಾರ ದಶಕಗಳ ಕಾಲ ಹೊರಗೆ ಬಿಡಲೇ ಇಲ್ಲ. ಈಗಲೂ ಗೋರಟಾ ಅಂದರೆ ಒಬ್ಬರಿಗೆ ಸಿಟ್ಟು, ಸುಂದರಲಾಲ್ ಅಂದರೆ ಇನ್ನೊಬ್ಬರಿಗೆ ಸಿಟ್ಟು. ಎರಡನ್ನೂ ಒಟ್ಟಿಗೆ ಹೇಳಿದರೆ ಇಬ್ಬರೂ ನನ್ನ ಮೇಲೆ ಬೀಳುತ್ತಾರೆ, ಸುಮ್ನೆ ಹೇಳ್ತಿಲ್ಲ, ಮದುವೆ ಪಂಕ್ತಿಯಲ್ಲೇ ಆಗಿದೆ.

ನಮ್ಮ ಹೊಲದ ಹಳೇ ಕಾಗದ ಉರ್ದುವಿನಲ್ಲಿದೆ, ತಾರೀಖು ಫಸಲಿ ಲೆಕ್ಕದ್ದು, ಅಂದರೆ ನಿಜಾಮನ ಕಾಲದ ಕಂದಾಯದ ಪಂಚಾಂಗದ್ದು. ಮನೆಯಲ್ಲಿ ಯಾರಿಗೂ ಓದೋಕೆ ಬರಲ್ಲ. ಪ್ರತಿ ಸಲ ತಕರಾರು ಬಂದಾಗ ಕಾಕಾ ಅದನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಂಡು ಬೀದರಿನ ಒಬ್ಬ ವಯಸ್ಸಾದ ಸಾಹೇಬರ ಹತ್ತಿರ ಹೋಗುತ್ತಾರೆ. ಅವರು ಚಷ್ಮಾ ಒರೆಸಿಕೊಂಡು ಓದಿ, ಅರ್ಥ ಹೇಳಿ, ಚಹಾ ಕುಡಿಸಿ ಕಳಿಸುತ್ತಾರೆ. ನಾನೂ ಎರಡು ಸಲ ಹೋಗಿದ್ದೇನೆ. ಅವರ ಮನೆಯಲ್ಲಿ ಸೆಪ್ಟೆಂಬರ್ 17ಕ್ಕೆ ಏನಂತಾರೆ ಅಂತ ಕೇಳೋಕೆ ಎರಡು ಸಲವೂ ಬಾಯಿ ಬರಲಿಲ್ಲ.