ಶಿಬಿರ ಮುಗಿದ ಮೇಲೆ ಶುರುವಾಗುವ ಕೆಲಸ

ಹೆಣ್ಣುಮಕ್ಕಳ ಆರೋಗ್ಯಕ್ಕಾಗಿ ದುಡಿಯುವ ಸ್ವಯಂಸೇವಾ ಸಂಸ್ಥೆಗಳ ಬಗ್ಗೆ ಈ ಸಲ ಬಂದ ಪತ್ರಗಳಿಗೆ, ಬೆಂಗಳೂರಿನ ಪೀಣ್ಯ–ಲಗ್ಗೆರೆ ಭಾಗದಲ್ಲಿ ಇದೇ ಕೆಲಸ ಮಾಡಿಕೊಂಡು ಬಂದಿರುವ ನಮ್ಮ ಅಂಕಣಕಾರ್ತಿ ಉತ್ತರಿಸಿದ್ದಾರೆ.

ಪ್ರಶ್ನೆ: ನನ್ನ ಮಗಳು ಎಂಎಸ್‌ಡಬ್ಲ್ಯು (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಮುಗಿಸಿ ಮಹಿಳಾ ಆರೋಗ್ಯದ ಒಂದು ಸಂಸ್ಥೆಗೆ ಸೇರಿದ್ದಾಳೆ. ಭಾನುವಾರವೂ ಶಿಬಿರ ಅಂತ ಹೊರಡುತ್ತಾಳೆ. ಸಂಬಳ ಕಮ್ಮಿ. ಡಾಕ್ಟರೂ ಅಲ್ಲ, ನರ್ಸೂ ಅಲ್ಲ, ಅಲ್ಲಿ ಇವಳಿಗೇನು ಕೆಲಸ ಎಂದು ನೆಂಟರು ಕೇಳಿದರೆ ನನಗೆ ಹೇಳಲು ಬರುವುದಿಲ್ಲ. ಈ ಕೆಲಸಕ್ಕೆ ಭವಿಷ್ಯ ಇದೆಯೆ?
— ಒಬ್ಬ ತಾಯಿ, ವಿಜಯನಗರ

ಉತ್ತರ: ಭಾನುವಾರದ ವಿಚಾರ ಮೊದಲು ಹೇಳಿಬಿಡುತ್ತೇನಮ್ಮ. ಗಾರ್ಮೆಂಟ್ಸ್‌ಗೆ ಹೋಗುವ ಹೆಂಗಸರು ವಾರದ ಆರು ದಿನ ಹಗಲು ಹೊತ್ತು ಮನೆಯಲ್ಲಿ ಸಿಗುವುದಿಲ್ಲ. ಏಳನೆಯ ದಿನ ಬಟ್ಟೆ ಒಗೆದು, ರೇಷನ್ ತಂದು, ಅಡುಗೆಗೆ ಇಟ್ಟು, ಪಕ್ಕದ ಮನೆಯವಳಿಗೆ ಮಕ್ಕಳನ್ನು ನೋಡಿಕೋ ಎಂದು ಹೇಳಿ ಅರ್ಧ ಗಂಟೆ ಬರುತ್ತಾರೆ. ಆ ಅರ್ಧ ಗಂಟೆಗೆ ನಿಮ್ಮ ಮಗಳು ಅಲ್ಲಿರಬೇಕು.

ಈಗ ಅವಳ ಕೆಲಸ. ಗರ್ಭಕೊರಳಿನ ಕ್ಯಾನ್ಸರ್ ತಪಾಸಣೆಯನ್ನೇ ತೆಗೆದುಕೊಳ್ಳಿ. ಬಹುತೇಕ ಎಲ್ಲ ಪ್ರಕರಣಗಳಿಗೂ ಎಚ್‌ಪಿವಿ ಎಂಬ ವೈರಾಣುವೇ ಕಾರಣ. ಅದು ಕ್ಯಾನ್ಸರ್ ಆಗಿ ಬಲಿಯಲು ಸಾಮಾನ್ಯವಾಗಿ ಹತ್ತು ವರ್ಷಕ್ಕೂ ಹೆಚ್ಚು ಕಾಲ ಹಿಡಿಯುವುದರಿಂದ ಮೊದಲೇ ಕಂಡುಹಿಡಿಯುವುದಕ್ಕೆ ಸಮಯವಿದೆ. ಶಿಬಿರಗಳಲ್ಲಿ ಹೆಚ್ಚಾಗಿ ಮಾಡುವುದು ವಿಐಎ ಎಂಬ ಪರೀಕ್ಷೆ: ವಿನೆಗರ್‌ನಲ್ಲಿರುವ ಅಸಿಟಿಕ್ ಆಮ್ಲವನ್ನೇ ನೀರು ಬೆರೆಸಿ ತೆಳುವಾಗಿಸಿದ ದ್ರಾವಣವನ್ನು ಗರ್ಭಕೊರಳಿಗೆ ಹಚ್ಚಿ, ಒಂದು ನಿಮಿಷ ಬಿಟ್ಟು, ಬಿಳಿಯ ಮಚ್ಚೆ ಕಾಣುತ್ತದೆಯೇ ಎಂದು ನೋಡುತ್ತಾರೆ. ಇಷ್ಟು ಸರಳವಾದ, ಇಷ್ಟು ಅಗ್ಗವಾದ ಪರೀಕ್ಷೆ. ಆದರೂ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ದೇಶದಲ್ಲಿ 30ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಒಮ್ಮೆಯಾದರೂ ಈ ಕ್ಯಾನ್ಸರ್‌ನ ತಪಾಸಣೆ ಮಾಡಿಸಿಕೊಂಡವರು ನೂರಕ್ಕೆ ಇಬ್ಬರೂ ಇಲ್ಲ.

ಮಚ್ಚೆ ಕಂಡರೆ ಕ್ಯಾನ್ಸರ್ ಎಂದಲ್ಲ, ಮುಂದಿನ ಪರೀಕ್ಷೆ ಬೇಕು ಎಂದಷ್ಟೇ. ಡಾಕ್ಟರು ಚೀಟಿ ಬರೆದು ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೋಗಿ ಎನ್ನುತ್ತಾರೆ. ಶಿಬಿರದ ಶಾಮಿಯಾನ ಬಿಚ್ಚುತ್ತಾರೆ. ನಿಜವಾದ ಕೆಲಸ ಶುರುವಾಗುವುದು ಆಗ. ಚೀಟಿ ಹಿಡಿದವಳು ಲಗ್ಗೆರೆಯಿಂದ ಡೇರಿ ಸರ್ಕಲ್ ತನಕ ಹೋಗಬೇಕು. ಶಕ್ತಿ ಯೋಜನೆಯಿಂದ ಬಸ್ಸಿಗೆ ಕಾಸು ಬೇಡ, ಆದರೆ ಒಂದು ದಿನ ರಜೆ ಹಾಕಿದರೆ ಹಾಜರಾತಿ ಬೋನಸ್ ಹೋಯಿತು. ಗಂಡನಿಗೆ ಏನು ಹೇಳುವುದು? ಅತ್ತೆಗೆ? ಒಳಗೆ ಗಂಡಸು ಡಾಕ್ಟರ್ ಇದ್ದರೆ? ಆ ಚೀಟಿ ಡಬ್ಬಿಯೊಳಗೆ ಸೇರಿ ಅಲ್ಲೇ ಉಳಿಯುತ್ತದೆ. ಅದು ಅಲ್ಲಿ ಉಳಿಯದಂತೆ ನೋಡಿಕೊಳ್ಳುವವಳು ನಿಮ್ಮ ಮಗಳು. ಫೋನ್ ಮಾಡುತ್ತಾಳೆ, ಮನೆಗೆ ಹೋಗುತ್ತಾಳೆ, ಜೊತೆಯಲ್ಲಿ ಒಪಿಡಿ ಸಾಲಿನಲ್ಲಿ ನಿಲ್ಲುತ್ತಾಳೆ, ರಿಪೋರ್ಟ್ ಬಂದ ಮೇಲೆ ಅದನ್ನು ಕೂತು ಬಿಡಿಸಿ ಹೇಳುತ್ತಾಳೆ. ಡಾಕ್ಟರಿಗೆ ಇದಕ್ಕೆಲ್ಲ ಹೊತ್ತಿಲ್ಲ, ಅವರ ಬಾಗಿಲಲ್ಲಿ ಇನ್ನೂ ನೂರು ಜನ ಕಾದಿರುತ್ತಾರೆ.

ಇದಕ್ಕೆ ಕಾನೂನಿನ ತಿಳಿವಳಿಕೆಯೂ ಬೇಕು. ತಿಂಗಳಿಗೆ 21,000 ರೂಪಾಯಿ ತನಕ ಸಂಬಳವಿರುವ ಕಾರ್ಮಿಕರಿಗೆ ಇಎಸ್‌ಐ ಎಂಬ ಸರ್ಕಾರಿ ವಿಮೆ ಇದೆ. ಆರು ತಿಂಗಳ ಅವಧಿಯಲ್ಲಿ 78 ದಿನದ ವಂತಿಗೆ ಕಟ್ಟಿದ್ದರೆ, ಇಎಸ್‌ಐ ಡಾಕ್ಟರು ಬರೆದುಕೊಟ್ಟ ರಜೆಗೆ ಕೂಲಿಯ ಶೇ 70ರಷ್ಟು ಸಿಗುತ್ತದೆ, ವರ್ಷಕ್ಕೆ 91 ದಿನದವರೆಗೆ. ಸಂಬಳದಲ್ಲಿ ಪ್ರತಿ ತಿಂಗಳೂ ದುಡ್ಡು ಹಿಡಿಯುತ್ತಾರೆ ಎಂದು ಗೊತ್ತಿರುವ ಹೆಂಗಸರಿಗೂ ಈ ಮಾತು ಗೊತ್ತಿರುವುದಿಲ್ಲ. ಹೇಳುವವರು ಯಾರಾದರೂ ಬೇಕಲ್ಲ?

ಸಂಬಳದ ಬಗ್ಗೆ ನಿಮ್ಮ ಚಿಂತೆ ನ್ಯಾಯವಾದದ್ದು. ಸೇವೆ ಎಂಬ ಮಾತು ಹೇಳಿ ಹುಡುಗಿಯರನ್ನು ಕಮ್ಮಿ ಸಂಬಳಕ್ಕೆ ದುಡಿಸುವುದನ್ನು ನಾನು ಒಪ್ಪುವುದಿಲ್ಲ. ವಿದೇಶಿ ದೇಣಿಗೆ ಕಾಯ್ದೆಗೆ 2020ರಲ್ಲಿ ತಂದ ತಿದ್ದುಪಡಿ, ಆ ಹಣದಲ್ಲಿ ಆಡಳಿತ ವೆಚ್ಚಕ್ಕಿದ್ದ ಮಿತಿಯನ್ನು ಶೇ 50ರಿಂದ 20ಕ್ಕೆ ಇಳಿಸಿತು. ಸಂಸ್ಥೆಗಳ ಕೈ ಬಿಗಿಯಾಗಿರುವುದು ನಿಜ. ಆದರೂ ಕೇಳಬೇಕಾದ್ದನ್ನು ಕೇಳಲೇಬೇಕು. ನೇಮಕಾತಿ ಪತ್ರ ಕೊಟ್ಟಿದ್ದಾರೆಯೆ? ಪಿಎಫ್ ಇದೆಯೆ? ಭಾನುವಾರ ದುಡಿದದ್ದಕ್ಕೆ ವಾರದಲ್ಲಿ ಬದಲಿ ರಜೆ ಇದೆಯೆ? ಹತ್ತು ಜನರಿರುವ ಕಡೆ, 2013ರ ಕಾಯ್ದೆಯಂತೆ, ಲೈಂಗಿಕ ಕಿರುಕುಳದ ದೂರು ಕೇಳುವ ಆಂತರಿಕ ಸಮಿತಿ ಇರಲೇಬೇಕು. ಹೆಣ್ಣುಮಕ್ಕಳಿಗಾಗಿಯೇ ಇರುವ ಸಂಸ್ಥೆಗೂ ಅದು ಅನ್ವಯ. ಇವೆಲ್ಲ ಸರಿಯಾಗಿರುವ ಸಂಸ್ಥೆಯಾದರೆ ಭವಿಷ್ಯಕ್ಕೆ ಹೆದರಬೇಡಿ. ಈ ಕೆಲಸ ಚೆನ್ನಾಗಿ ಬಲ್ಲವರು ಈ ಊರಿನಲ್ಲಿ ಬೇಕಾದಷ್ಟು ಇಲ್ಲ.

ಪ್ರಶ್ನೆ: ನಾನೇ ಇಂಥ ಸಂಸ್ಥೆಯಲ್ಲಿ ಕ್ಷೇತ್ರ ಕಾರ್ಯಕರ್ತೆ. ಹೆಂಗಸರು ಬಿಳಿಮುಟ್ಟಿನಿಂದ ಮಾತು ಶುರುಮಾಡಿ ಗಂಡನ ಹೊಡೆತದ ತನಕ ಹೇಳುತ್ತಾರೆ. ರಾತ್ರಿ ನಿದ್ದೆ ಬರುವುದಿಲ್ಲ. ಆಫೀಸಿನಲ್ಲಿ ಕೇಳುವುದು, ಈ ತಿಂಗಳು ಎಷ್ಟು ತಪಾಸಣೆ ಆಯಿತು ಎಂದು ಮಾತ್ರ.
— ಹೆಸರು ಬೇಡ, ರಾಜಗೋಪಾಲನಗರ

ಉತ್ತರ: ತಂಗಿ, ನಿನ್ನ ಪತ್ರವನ್ನು ಎರಡು ಸಲ ಓದಿದೆ. ಅವರು ನಿನ್ನ ಮುಂದೆ ಅಷ್ಟು ಹೇಳಿಕೊಳ್ಳುತ್ತಾರೆ ಎಂದರೆ ನೀನು ಕೆಲಸ ಚೆನ್ನಾಗಿ ಮಾಡುತ್ತಿದ್ದೀಯ. ಆದರೆ ಕೇಳಿದ್ದನ್ನೆಲ್ಲ ಒಬ್ಬಳೇ ಹೊತ್ತು ಮನೆಗೆ ಹೋಗಬೇಡ. ಹೊಡೆತದ ಮಾತು ಬಂದಾಗ, ಅವಳು ಒಪ್ಪಿದರೆ, 181 ಮಹಿಳಾ ಸಹಾಯವಾಣಿಗೆ ಸೇರಿಸು. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಡಿ ಸಂರಕ್ಷಣಾಧಿಕಾರಿಗಳಿದ್ದಾರೆ. ಆ ಮನೆಯ ಪಂಚಾಯ್ತಿ ಮಾಡುವುದು ನಿನ್ನ ಕೆಲಸವಲ್ಲ, ದಾರಿ ತೋರಿಸುವುದು ನಿನ್ನ ಕೆಲಸ. ನಿನ್ನ ನಿದ್ದೆಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ, 14416. ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಾಗಿಲ್ಲ. ಬೇರೆಯವರಿಗೆ ಕೊಡುವ ಈ ನಂಬರನ್ನು ನಿನಗಾಗಿಯೂ ಒತ್ತು.

ಲೆಕ್ಕದ ಬಗ್ಗೆ ನನಗೆ ಸಿಟ್ಟಿದೆ, ಮುಚ್ಚಿಡುವುದಿಲ್ಲ. ಹಣ ಕೊಡುವ ಕಂಪನಿ ವರದಿ ಕೇಳುತ್ತದೆ, ವರದಿಯಲ್ಲಿ ತಪಾಸಣೆಯ ಸಂಖ್ಯೆಗೆ ಒಂದು ಕಲಂ ಇರುತ್ತದೆ, ಎಲ್ಲರ ಕಣ್ಣೂ ಅಲ್ಲೇ. ಐನೂರು ಜನರನ್ನು ತಪಾಸಿಸಿ, ಮಚ್ಚೆ ಕಂಡ ಇಪ್ಪತ್ತು ಜನ ಆಸ್ಪತ್ರೆ ಮುಟ್ಟದಿದ್ದರೆ ನಾವು ಆ ಇಪ್ಪತ್ತು ಜನರಿಗೆ ಭಯವನ್ನಷ್ಟೇ ಕೊಟ್ಟಂತಾಯಿತು. ಗರ್ಭಕೊರಳಿನ ಕ್ಯಾನ್ಸರ್ ತೊಲಗಿಸಲು ವಿಶ್ವ ಆರೋಗ್ಯ ಸಂಸ್ಥೆ 2030ಕ್ಕೆ ಇಟ್ಟಿರುವ ಗುರಿಯನ್ನೇ ನಿಮ್ಮ ಮುಖ್ಯಸ್ಥರ ಮುಂದಿಡು: ಶೇ 90 ಹುಡುಗಿಯರಿಗೆ 15 ತುಂಬುವುದರೊಳಗೆ ಎಚ್‌ಪಿವಿ ಲಸಿಕೆ, ಶೇ 70 ಮಹಿಳೆಯರಿಗೆ ತಪಾಸಣೆ, ದೋಷ ಕಂಡವರಲ್ಲಿ ಶೇ 90 ಮಂದಿಗೆ ಚಿಕಿತ್ಸೆ. ಆ ಕೊನೆಯ 90ಕ್ಕೂ ನಿಮ್ಮ ವರದಿಯಲ್ಲಿ ಒಂದು ಕಲಂ ಬೇಕೆಂದು ಕೇಳು. ನಾಲ್ವರು ಜೊತೆಯಾಗಿ ಹೋಗಿ ಕೇಳಿದರೆ ಇನ್ನೂ ಒಳ್ಳೆಯದು.

ಪ್ರಶ್ನೆ: ನಮ್ಮ ಸೊಸೆ ಅಮೆರಿಕದಲ್ಲಿ, ಏಷ್ಯಾ ಮೂಲದ ಮಹಿಳೆಯರ ಆರೋಗ್ಯಕ್ಕೆಂದೇ ಇರುವ ಸಂಸ್ಥೆಯೊಂದರಲ್ಲಿದ್ದಾಳೆ. ಅಷ್ಟು ದೊಡ್ಡ ಆಸ್ಪತ್ರೆಗಳಿರುವ ದೇಶದಲ್ಲಿ ಇದಕ್ಕೆ ಪ್ರತ್ಯೇಕ ಸಂಸ್ಥೆ ಯಾಕೆ?
— ನಿವೃತ್ತ ಮೇಷ್ಟ್ರು, ಬಸವನಗುಡಿ

ಉತ್ತರ: ಮೇಷ್ಟ್ರೇ, ಅಳತೆಗೋಲಿನಿಂದಲೇ ಶುರುವಾಗುತ್ತದೆ. ಎತ್ತರ–ತೂಕದ ಲೆಕ್ಕವಾದ ಬಿಎಂಐ 25 ದಾಟಿದರೆ ಹೆಚ್ಚು ತೂಕ ಎನ್ನುತ್ತಾರೆ. ನಮ್ಮಂಥವರಿಗೆ ಅದಕ್ಕಿಂತ ಕಡಿಮೆ ತೂಕದಲ್ಲೇ ಸಕ್ಕರೆ ಕಾಯಿಲೆ ಬರುವುದರಿಂದ, ಏಷ್ಯಾದವರ ವಿಷಯದಲ್ಲಿ 23ರಿಂದಲೇ ಎಚ್ಚರ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು 2004ರಲ್ಲಿ ಹೇಳಿದರು. ಅಮೆರಿಕದ ಮಧುಮೇಹ ಸಂಘ ಏಷ್ಯಾ ಮೂಲದವರಿಗೆ ಆ ಅಂಕಿಯನ್ನು 2015ರಲ್ಲಿ ಒಪ್ಪಿತು. ಸಣ್ಣಗಿದ್ದೀರಿ, ನಿಮಗೇನೂ ಆಗಿಲ್ಲ ಎಂದು ವಾಪಸ್ ಕಳಿಸಿದರೆ ಕಾಯಿಲೆ ಒಳಗೇ ಬೆಳೆಯುತ್ತದೆ.

ಇನ್ನೊಂದು, ಏಷ್ಯಾದವರು ಎಂದು ಎಲ್ಲರನ್ನೂ ಒಂದೇ ಸಾಲಿಗೆ ಬರೆಯುವುದು. ಅಲ್ಲಿನ ವಿಯೆಟ್ನಾಂ ಮೂಲದ ಮಹಿಳೆಯರಲ್ಲಿ ಗರ್ಭಕೊರಳಿನ ಕ್ಯಾನ್ಸರ್ ಬಿಳಿಯ ಮಹಿಳೆಯರಿಗಿಂತ ಹಲವು ಪಟ್ಟು ಹೆಚ್ಚೆಂದು ಕಂಡದ್ದು, ಅವರ ಲೆಕ್ಕವನ್ನು ಬೇರೆಯಾಗಿ ತೆಗೆದಾಗ. ಭಾಷೆಯ ಕಷ್ಟ ನಿಮಗೆ ಹೇಳಬೇಕಾಗಿಲ್ಲ. ಶಾಲೆಗೆ ಹೋಗುವ ಮಗನನ್ನು ದುಭಾಷಿಯಾಗಿ ಕೂರಿಸಿಕೊಂಡು ತಾಯಿ ತನ್ನ ಮುಟ್ಟಿನ ತೊಂದರೆಯನ್ನು ಡಾಕ್ಟರಿಗೆ ಹೇಗೆ ಹೇಳಿಯಾಳು? ಇದೇ ಕಷ್ಟ ನಮ್ಮ ಬೆಂಗಳೂರಿನಲ್ಲೂ ಇದೆ. ನೇಪಾಳದಿಂದ, ಒಡಿಶಾದಿಂದ ಬಂದು ಇಲ್ಲಿ ದುಡಿಯುತ್ತಿರುವ ಹೆಣ್ಣುಮಕ್ಕಳ ಭಾಷೆ ಬಲ್ಲವರು ನಮ್ಮ ಆಸ್ಪತ್ರೆಯ ಕಿಟಕಿಯ ಹಿಂದೆ ಎಷ್ಟು ಜನರಿದ್ದಾರೆ? ನಿಮ್ಮ ಸೊಸೆ ಮುಂದಿನ ಸಲ ಬಂದಾಗ, ಅಲ್ಲಿ ದುಭಾಷಿಗಳನ್ನು ಹೇಗೆ ತಯಾರು ಮಾಡುತ್ತಾರೆಂದು ನಮ್ಮ ಹುಡುಗಿಯರಿಗೆ ಬಂದು ಹೇಳಲಿ. ಇದು ಬರೀ ಉಪಚಾರದ ಕರೆಯಲ್ಲ.

ಪ್ರಶ್ನೆ: ಬ್ಯಾಂಕಿನಿಂದ ನಿವೃತ್ತಳಾಗಿದ್ದೇನೆ. ಇಂಥ ಸಂಸ್ಥೆಗೆ ನನ್ನಿಂದ ಏನಾದರೂ ಉಪಯೋಗವಿದೆಯೆ?
— ಮಲ್ಲೇಶ್ವರ

ಉತ್ತರ: ಖಂಡಿತ ಇದೆ. ಫಾರಂ ತುಂಬಲು, ಕ್ಯೂನಲ್ಲಿ ಕಾಯಲು, ಕೌಂಟರಿನಲ್ಲಿ ಗಟ್ಟಿಯಾಗಿ ಕೇಳಲು ಬಲ್ಲವರು ನೀವು. ವಾರಕ್ಕೆ ಒಂದು ದಿನ, ಒಬ್ಬಳ ಜೊತೆ ಆಸ್ಪತ್ರೆಗೆ ಹೋಗಿ ಬನ್ನಿ. ಬೆಳಗ್ಗೆ ಬೇಗ ಹೊರಡಬೇಕಾಗುತ್ತದೆ, ಇಬ್ಬರಿಗೂ ಆಗುವಷ್ಟು ಬುತ್ತಿ ಕಟ್ಟಿಕೊಳ್ಳಿ. ಅವಳು ಕೇಳದೆ ಬುದ್ಧಿಮಾತು ಬೇಡ, ಫೋಟೊ ಬೇಡ, ಅವಳ ಕಾಯಿಲೆಯ ಸುದ್ದಿ ನಿಮ್ಮ ಮನೆಯವರ ಕಿವಿಗೂ ಬೀಳಬಾರದು. ಸಂಸ್ಥೆಗೆ ಫೋನ್ ಮಾಡುವಾಗ ಸಹಾಯ ಮಾಡಬೇಕೆಂದಿದ್ದೇನೆ ಎನ್ನುವ ಬದಲು ಮಂಗಳವಾರ ಇಡೀ ದಿನ ಬಿಡುವಿದೆ ಎಂದು ದಿನದ ಹೆಸರು ಹೇಳಿ. ಅವರ ಹತ್ತಿರ ಚೀಟಿ ಹಿಡಿದು ಕಾಯುತ್ತಿರುವವರ ಪಟ್ಟಿ ಇದ್ದೇ ಇರುತ್ತದೆ.